ತಹಶೀಲ್ದಾರರೇ, ಹೊಸಬರಿಗೆ ಕೆಲಸ ಹೇಳಿಕೊಡುವುದು ಯಾರ ಕೆಲಸ?

ರಾಜ್ಯದ ಎಲ್ಲ ತಾಲ್ಲೂಕುಗಳ ತಹಶೀಲ್ದಾರರಿಗೆ, ಅವರ ಮೂಲಕ ಉಪ ತಹಶೀಲ್ದಾರರಿಗೆ ಮತ್ತು ಶಿರಸ್ತೇದಾರರಿಗೆ.
ಪ್ರತಿ: ಕಂದಾಯ ಇಲಾಖೆಯ ಪ್ರಧಾನ ಕಾರ್ಯದರ್ಶಿಗಳ ಅವಗಾಹನೆಗೆ.

ಮಾನ್ಯರೇ,

ನಾನು ಕಂದಾಯ ಇಲಾಖೆಗೆ ದ್ವಿತೀಯ ದರ್ಜೆ ಸಹಾಯಕಿಯಾಗಿ ಸೇರಿ, ಶಿರಸ್ತೇದಾರಳಾಗಿ ನಿವೃತ್ತಳಾದವಳು. ಪಿಂಚಣಿ ಸರಿಯಾಗಿ ಬರುತ್ತಿದೆ. ಯಾವ ಅಧಿಕಾರಿಯ ಮೇಲೂ ಹಳೆಯ ಬಾಕಿ ತೀರಿಸಿಕೊಳ್ಳುವ ಉದ್ದೇಶ ನನಗಿಲ್ಲ, ಯಾವ ನೌಕರರ ಸಂಘದ ಪರವಾಗಿಯೂ ಬರೆಯುತ್ತಿಲ್ಲ. ಕಳೆದ ವರ್ಷ ತೀರಿಕೊಂಡ ನಮ್ಮ ಭಾವನವರ ಜಮೀನಿನ ಪೌತಿ ಖಾತೆಗಾಗಿ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಒಂದು ತಾಲ್ಲೂಕು ಕಚೇರಿಗೂ ಅದರ ವ್ಯಾಪ್ತಿಯ ನಾಡಕಚೇರಿಗೂ ಹಲವು ಸಲ ಹೋಗಿಬರಬೇಕಾಯಿತು. ಸೇವೆಯುದ್ದಕ್ಕೂ ಮೇಜಿನ ಆಚೆ ಬದಿಯಲ್ಲಿ ಕುಳಿತವಳು ಈ ಸಲ ಸಾರ್ವಜನಿಕರ ಬೆಂಚಿನ ಮೇಲೆ ಕುಳಿತು ನೋಡಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಯಾವ ತಾಲ್ಲೂಕು ಎಂದು ಹೇಳುವುದಿಲ್ಲ. ಹೇಳಿದರೆ ಅಲ್ಲಿನ ತಹಶೀಲ್ದಾರರಿಂದ ಒಂದು ವಿವರಣೆ ಪಡೆದು ಕಡತ ಮುಚ್ಚುತ್ತಾರೆ, ಉಳಿದವರು ನೆಮ್ಮದಿಯಾಗಿರುತ್ತಾರೆ.

ಆ ವೃತ್ತದ ಗ್ರಾಮ ಆಡಳಿತ ಅಧಿಕಾರಿ ಇನ್ನೂ ಮೂವತ್ತು ದಾಟದ ಹುಡುಗ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದು ಬಂದವನು. ಮಾತು ವಿನಯದ್ದು, ಕೈ ಶುದ್ಧ. ನಮ್ಮಿಂದ ಅವನು ಒಂದು ಲೋಟ ಚಹಾವನ್ನೂ ಕುಡಿಯಲಿಲ್ಲ. ಅವನು ತಯಾರಿಸಿದ ವಂಶವೃಕ್ಷದಲ್ಲಿ ಭಾವನವರ ಇಬ್ಬರು ಹೆಣ್ಣುಮಕ್ಕಳ ಹೆಸರುಗಳೇ ಇರಲಿಲ್ಲ. ಪ್ರಮಾಣಪತ್ರದಲ್ಲಿ ಅವರ ಹೆಸರು ಬಿಟ್ಟವನು ನನ್ನ ಅಕ್ಕನ ಮಗನೇ. ಆ ಜಗಳ ನಮ್ಮ ಮನೆಯದು, ಅದನ್ನು ಇಲ್ಲಿ ಬಿಡಿಸುವುದಿಲ್ಲ. ನನ್ನ ತಕರಾರು ಇರುವುದು, ಅರ್ಜಿದಾರ ಬರೆದುಕೊಟ್ಟದ್ದು ಹಾಗೆಯೇ ಸ್ಥಳ ತನಿಖೆಯನ್ನು ದಾಟಿ, ಕಂದಾಯ ನಿರೀಕ್ಷಕರನ್ನೂ ದಾಟಿ ಉಪ ತಹಶೀಲ್ದಾರರ ಲಾಗಿನ್‌ವರೆಗೆ ಹೋಯಿತಲ್ಲ, ಅದರ ಬಗ್ಗೆ.

ಮಹಜರು ಹೇಗೆ ಮಾಡಿದಿರಿ ಎಂದು ಆ ಹುಡುಗನನ್ನು ಕೇಳಿದೆ. ಊರ ಗಂಡಸರು ನಾಲ್ವರ ಸಹಿ ತೆಗೆದುಕೊಂಡಿದ್ದೇನೆ ಎಂದ. ಹೆಣ್ಣುಮಕ್ಕಳ ಬಗ್ಗೆ ಕೇಳಿದಿರಾ ಎಂದೆ. ‘ಮದುವೆಯಾಗಿ ಹೋದವರ ವಿಷಯ ವಿಚಾರಿಸಬೇಕು ಎಂದು ನನಗೆ ಯಾರೂ ಹೇಳಿಲ್ಲ ಅಮ್ಮಾ’ ಎಂದ. ಹಿಂದೂ ಉತ್ತರಾಧಿಕಾರ ಅಧಿನಿಯಮ ಗೊತ್ತೇ ಎಂದು ಕೇಳಿದರೆ, 1956ರ ಕಾಯ್ದೆ, ನಮ್ಮ ರಾಜ್ಯದ 1994ರ ತಿದ್ದುಪಡಿ, ಕೇಂದ್ರದ 2005ರ ತಿದ್ದುಪಡಿ, 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಎಲ್ಲವನ್ನೂ ಥಟ್ಟನೆ ಹೇಳಿದ. ಮಗಳು ಮೊದಲ ವರ್ಗದ ವಾರಸುದಾರಳು ಎಂಬುದು ಅವನಿಗೆ ಬಾಯಿಪಾಠ. ಅದೇ ಮಗಳು ಯಾವುದೋ ಊರಿನಲ್ಲಿ ಸೊಸೆಯಾಗಿ ಕುಳಿತಿದ್ದಾಳೆ, ಅವಳ ಹೆಸರು ಈ ಕಾಗದದ ಮೇಲೆ ಬರಬೇಕಾದರೆ ತಾನು ಅರಳಿಕಟ್ಟೆಯಿಂದ ಎದ್ದು ನಾಲ್ಕು ಮನೆಯ ಬಾಗಿಲಿಗೆ ಹೋಗಬೇಕು ಎಂಬುದು ಗೊತ್ತಿರಲಿಲ್ಲ.

ನನಗೆ ಅದು ಗೊತ್ತಾದದ್ದು ಕಾನೂನು ಪುಸ್ತಕದಿಂದಲ್ಲ. ನಾನು ಸೇರಿದ ಹೊಸತರಲ್ಲಿ ನಮ್ಮ ಶಿರಸ್ತೇದಾರರು ವಂಶವೃಕ್ಷದ ಕಡತವೊಂದನ್ನು ಹಿಂದಕ್ಕೆ ಕೊಡುತ್ತಾ ಹೇಳಿದ್ದರು: ‘ಗಂಡಸರ ಸಹಿ ಹಾಕಿಸಿಕೊಂಡ ಮೇಲೆ ಪಕ್ಕದ ಮನೆಯ ಅಜ್ಜಿಯನ್ನು ಮಾತನಾಡಿಸಬೇಕು. ಈ ಮನೆಯ ಹೆಣ್ಣುಮಕ್ಕಳನ್ನು ಯಾವ ಯಾವ ಊರಿಗೆ ಕೊಟ್ಟಿದ್ದಾರೆ ಎಂದು ಕೇಳಬೇಕು. ಅಜ್ಜಿಯರು ಹೆರಿಗೆ, ಬಾಣಂತನಗಳ ಲೆಕ್ಕದಲ್ಲಿ ಎಲ್ಲವನ್ನೂ ಹೇಳುತ್ತಾರೆ.’ ಇಷ್ಟು ಹೇಳಲು ಅವರಿಗೆ ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಆಮೇಲೆ ನನ್ನ ಕೈ ಮೇಲೆ ಹೋದ ಎಷ್ಟು ವಂಶವೃಕ್ಷಗಳಲ್ಲಿ ಎಷ್ಟು ಹೆಣ್ಣುಮಕ್ಕಳ ಹೆಸರು ಆ ಒಂದು ಮಾತಿನಿಂದ ಉಳಿಯಿತೋ ನಾನು ಲೆಕ್ಕ ಇಟ್ಟಿಲ್ಲ. ಅವರು ನನಗೆ ‘ಮಾರ್ಗದರ್ಶಕ’ರಾಗಿ ನೇಮಕವಾದವರಲ್ಲ, ಅದಕ್ಕೊಂದು ಆದೇಶ ಇರಲಿಲ್ಲ, ಅವರ ಸೇವಾ ಪುಸ್ತಕದಲ್ಲಿ ಅದರ ದಾಖಲೆಯೂ ಇಲ್ಲ. ಕಚೇರಿಯ ಹಿರಿಯರು ಕಿರಿಯರಿಗೆ ಹೀಗೆ ಹೇಳಿಕೊಡುವುದು ಎಲ್ಲ ತಾಲ್ಲೂಕು ಕಚೇರಿಗಳಲ್ಲೂ ಹೆಚ್ಚುಕಡಿಮೆ ನಡೆಯುತ್ತಿತ್ತು. ಈಗ ನಿಲ್ಲುತ್ತಿದೆ. ನಿಲ್ಲುತ್ತಿರುವುದು ನಿಮ್ಮ ಕಣ್ಣೆದುರಿಗೇ, ಬಹಳ ಸಲ ನಿಮ್ಮಿಂದಲೇ, ಎಂಬುದು ನನ್ನ ದೂರು.

ಮುಂದಿನದು ಇನ್ನೂ ನೋವಿನದು. ನಮ್ಮ ಕೆಲಸ ಮುಗಿಯುವ ಹೊತ್ತಿಗೆ ಅದೇ ಹುಡುಗನಿಗೆ ಕಾರಣ ಕೇಳಿ ನೋಟಿಸ್ ಬಂದಿತ್ತು. ನಾನು ಇಲಾಖೆಯವಳೆಂದು ಅಷ್ಟರಲ್ಲಿ ಅವನಿಗೆ ತಿಳಿದಿತ್ತು, ಉತ್ತರ ಹೇಗೆ ಬರೆಯಬೇಕೆಂದು ಕೇಳಲು ತಂದು ತೋರಿಸಿದ. ಒಂದು ಸರ್ವೆ ನಂಬರಿನ ಬಗ್ಗೆ ಅವನು ಕೊಟ್ಟ ಸ್ಥಳ ತನಿಖಾ ವರದಿಯಲ್ಲಿ ಬಂಡಿದಾರಿಯನ್ನು ‘ಎ’ ಖರಾಬು ಎಂದು ಬರೆದಿದ್ದ. ಸಾಗುವಳಿಗೆ ಬಾರದ ಕಲ್ಲುಬಂಡೆಯಂಥ ಜಾಗ ‘ಎ’ ಖರಾಬು. ದಾರಿ, ಹಳ್ಳ, ಸ್ಮಶಾನದಂತೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು ‘ಬಿ’ ಖರಾಬು. ಪಹಣಿಯ ಮೂರನೆಯ ಕಾಲಮಿನಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ. ವ್ಯತ್ಯಾಸ ಒಂದು ಅಕ್ಷರದ್ದು, ಪರಿಣಾಮ ಮಾತ್ರ ಊರಿನವರು ಓಡಾಡುವ ದಾರಿಯೇ ಇಲ್ಲವಾಗುವಂಥದ್ದು. ತಪ್ಪು ಸಣ್ಣದು ಎಂದು ನಾನು ಹೇಳುವುದಿಲ್ಲ. ಆದರೆ ಆ ವರದಿ ಕಂದಾಯ ನಿರೀಕ್ಷಕರ ಶಿಫಾರಸಿನೊಂದಿಗೆ ಮೇಲಕ್ಕೆ ಹೋಗಿತ್ತು. ಶಿರಸ್ತೇದಾರರು ನೋಡಿದ್ದರು. ನೋಟಿಸ್ ಬಂದದ್ದು ಎಲ್ಲರಿಗಿಂತ ಕೆಳಗಿನವನಿಗೆ ಮಾತ್ರ, ಅದೂ ‘ಕರ್ತವ್ಯದಲ್ಲಿ ತೀವ್ರ ನಿರ್ಲಕ್ಷ್ಯ’ ಎಂಬ ಒಕ್ಕಣೆಯಲ್ಲಿ.

ಅವನನ್ನು ಕರೆದು, ಪಹಣಿಯನ್ನೂ ಗ್ರಾಮ ನಕಾಶೆಯನ್ನೂ ಒಟ್ಟಿಗೆ ಹರಡಿ ತೋರಿಸಿದವರು ಯಾರಾದರೂ ಇದ್ದರೇ? ಇರಲಿಲ್ಲ. ಸೇರಿದ ವಾರದಲ್ಲೇ ಎರಡು ವೃತ್ತಗಳ ಪ್ರಭಾರ ಕೊಟ್ಟು, ‘ನಿಮ್ಮ ಲಾಗಿನ್‌ನಲ್ಲಿ ಬಾಕಿ ಬಹಳ ಇದೆ, ಮೊದಲು ಅದನ್ನು ಸೊನ್ನೆಗೆ ತನ್ನಿ’ ಎಂದು ಹೇಳಿದ್ದರಂತೆ. ಮೇಲಿನವರು ಅವನೊಡನೆ ಕೆಲಸದ ಬಗ್ಗೆ ಮಾತನಾಡಿದ್ದು ಬಹುತೇಕ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಅಲ್ಲಿ ಬರುವುದು ಹೋಬಳಿವಾರು ಬಾಕಿ ಪಟ್ಟಿ. ಕೊನೆಯ ಸ್ಥಾನದಲ್ಲಿರುವವರ ಹೆಸರಿಗೆ ಕೆಂಪು ಬಣ್ಣ.

ಇಷ್ಟಕ್ಕೆಲ್ಲ ಉತ್ತರ ತರಬೇತಿ ಎಂದು ನೀವು ಹೇಳಬಹುದು. ಮೈಸೂರಿನಲ್ಲಿ ಆಡಳಿತ ತರಬೇತಿ ಸಂಸ್ಥೆಯಿದೆ, ಜಿಲ್ಲೆಗಳಲ್ಲಿ ಜಿಲ್ಲಾ ತರಬೇತಿ ಸಂಸ್ಥೆಗಳಿವೆ, 2020ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಿಷನ್ ಕರ್ಮಯೋಗಿಯ ಅಡಿಯಲ್ಲಿ ಮೊಬೈಲಿನಲ್ಲೇ ಪಾಠ ಕೇಳಿ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯೂ ಬಂದಿದೆ. ಲೋಕಸೇವಾ ಆಯೋಗ ನಡೆಸುವ ಇಲಾಖಾ ಪರೀಕ್ಷೆಗಳಂತೂ ಇದ್ದೇ ಇವೆ. ಅವುಗಳಲ್ಲೊಂದಾದ ಅಕೌಂಟ್ಸ್ ಹೈಯರ್ ಪಾಸು ಮಾಡಲು ಮಕ್ಕಳನ್ನು ಮಲಗಿಸಿ ರಾತ್ರಿ ಓದಿದವಳು ನಾನು, ಇವುಗಳನ್ನು ಹಗುರವಾಗಿ ಕಾಣುವುದಿಲ್ಲ. ಭೂಕಂದಾಯ ಅಧಿನಿಯಮದ 128 ಮತ್ತು 129ನೇ ಕಲಮುಗಳು ಏನು ಹೇಳುತ್ತವೆ ಎಂದು ತರಗತಿಯಲ್ಲಿ ಕಲಿಯಬಹುದು. ಮ್ಯುಟೇಷನ್‌ಗೆ, ಅಂದರೆ ಹಕ್ಕು ಬದಲಾವಣೆಗೆ, ಬಂದ ಜಮೀನು ಹಿಂದೆ ಪರಿಶಿಷ್ಟರಿಗೆ ಮಂಜೂರಾದದ್ದೋ ಏನೋ ಎಂಬ ಅನುಮಾನ ಹುಟ್ಟುವುದು ಮಾತ್ರ ಅಭ್ಯಾಸದಿಂದ. ಆ ಅನುಮಾನ ಹುಟ್ಟದಿದ್ದರೆ ಯಾರೂ ದಾಖಲೆ ಕೊಠಡಿಗೆ ಹೋಗಿ ಮೂಲ ಮಂಜೂರಾತಿ ಕಡತವನ್ನೂ ಸಾಗುವಳಿ ಚೀಟಿಯ ಷರತ್ತನ್ನೂ ನೋಡುವುದಿಲ್ಲ. ನೋಡದೆ ಖಾತೆ ಮಾಡಿದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕರಣವಾಗಿ ಉಪ ವಿಭಾಗಾಧಿಕಾರಿಗಳ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಮಾರಿದ ಬಡವನೂ ಕೊಂಡ ಬಡವನೂ ವಕೀಲರ ಮನೆಗೆ ಅಲೆಯುತ್ತಾರೆ.

ಶಾಸಕರ ಆಪ್ತ ಸಹಾಯಕರಿಂದ ಫೋನು ಬಂದಾಗ ಏನು ಹೇಳಬೇಕು? ಇದಕ್ಕೆ ಯಾವ ತರಗತಿಯಲ್ಲೂ ಪಾಠವಿಲ್ಲ. ನಾನು ಕೆಲಸ ಮಾಡಿದ ತಹಶೀಲ್ದಾರರೊಬ್ಬರು ನಮ್ಮೆದುರೇ ಅಂಥ ಕರೆಗೆ ಉತ್ತರಿಸುತ್ತಿದ್ದರು. ದನಿ ಏರುತ್ತಿರಲಿಲ್ಲ, ತಗ್ಗುತ್ತಲೂ ಇರಲಿಲ್ಲ. ‘ಖಂಡಿತ ನೋಡುತ್ತೇನೆ ಸರ್, ಅರ್ಜಿದಾರರಿಂದ ಒಂದು ಮನವಿ ಬರೆಸಿ ಕಳುಹಿಸಿ, ಕಡತದಲ್ಲಿ ಇಟ್ಟು ನಿಯಮದಂತೆ ಮಾಡುತ್ತೇನೆ’ ಎನ್ನುತ್ತಿದ್ದರು. ಬರೆಸಿ ಕಳುಹಿಸಿದವರು ಕಡಿಮೆ. ಫೋನ್ ಇಟ್ಟ ಮೇಲೆ ನಮಗೆ ಅವರು ಉಪದೇಶವನ್ನೇನೂ ಮಾಡುತ್ತಿರಲಿಲ್ಲ. ಆ ಕೋಣೆಯಲ್ಲಿ ನಿಂತಿದ್ದ ನಾವು ಕಲಿಯಬೇಕಾದ್ದನ್ನು ಕಲಿತುಕೊಂಡಿರುತ್ತಿದ್ದೆವು.

ಆ ಕೋಣೆಯಲ್ಲಿ ನಾವು ನಿಂತಿರುತ್ತಿದ್ದೆವು ಎಂಬುದನ್ನು ದಯವಿಟ್ಟು ಗಮನಿಸಿ. ಕಾಗದದ ಕಡತದ ಕಾಲದಲ್ಲಿ ವಿಷಯ ನಿರ್ವಾಹಕರು ಕಡತ ಹಿಡಿದು ಅಧಿಕಾರಿಯ ಮುಂದೆ ನಿಲ್ಲಬೇಕಾಗಿತ್ತು. ಅವರು ನಮ್ಮ ಟಿಪ್ಪಣಿಯನ್ನು ಓದುತ್ತಾ, ಗೆರೆ ಹೊಡೆಯುತ್ತಾ, ಕೆಲವೊಮ್ಮೆ ಬೈಯುತ್ತಾ ತಿದ್ದುತ್ತಿದ್ದರು. ಇ-ಆಫೀಸ್ ಬಂದ ಮೇಲೆ ಕಡತ ತಾನೇ ಹೋಗುತ್ತದೆ, ತಾನೇ ಬರುತ್ತದೆ. ಕಡತ ಎಲ್ಲಿದೆ ಎಂದು ಪತ್ತೆ ಹಚ್ಚಲು ಇದರಷ್ಟು ಒಳ್ಳೆಯ ವ್ಯವಸ್ಥೆ ಇನ್ನೊಂದಿಲ್ಲ. ಕಡತವನ್ನು ಬೀರುವಿನ ಹಿಂದೆ ಬೀಳಿಸುತ್ತಿದ್ದ ಕಾಲ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಮುಂದೆ ನಿಲ್ಲುವ ಆ ಹತ್ತು ನಿಮಿಷ ಹೋಯಿತು, ಅದರ ಜಾಗಕ್ಕೆ ಬೇರೇನನ್ನೂ ತರಲಿಲ್ಲ. ಈಗ ಕಡತ ‘ಪರಿಶೀಲಿಸಿ ಮಂಡಿಸಿ’ ಎಂಬ ಎರಡೇ ಮಾತು ಹೊತ್ತು ಹಿಂದಿರುಗುತ್ತದೆ. ಇಲ್ಲವೇ ‘ಚರ್ಚಿಸಿ’ ಎಂದಿರುತ್ತದೆ. ಚರ್ಚಿಸಲು ಹೋದರೆ ಸಾಹೇಬರು ವಿಡಿಯೋ ಕಾನ್ಫರೆನ್ಸಿನಲ್ಲಿರುತ್ತಾರೆ. ವಾರ ಕಳೆದ ಮೇಲೆ ಅದೇ ಟಿಪ್ಪಣಿಯನ್ನು ನಾಲ್ಕು ಪದ ಬದಲಾಯಿಸಿ ಮತ್ತೆ ಮೇಲಕ್ಕೆ ಕಳುಹಿಸುವುದನ್ನು ಹೊಸಬರು ಕಲಿಯುತ್ತಾರೆ. ತಪ್ಪು ಎಲ್ಲಿತ್ತು ಎಂಬುದು ಕೊನೆಗೂ ಗೊತ್ತಾಗುವುದಿಲ್ಲ.

ಹಿಂದಿನ ಕಾಲದ ಗುಣಗಾನ ಮಾಡಲು ಕುಳಿತಿಲ್ಲ ಎಂಬುದಕ್ಕೆ ಇನ್ನೊಂದು ಮಾತನ್ನೂ ಹೇಳಬೇಕು. ಶಾನುಭೋಗರ ಕಾಲದಲ್ಲಿ ಲೆಕ್ಕದ ವಿದ್ಯೆ ತಂದೆಯಿಂದ ಮಗನಿಗೆ ಬರುತ್ತಿತ್ತು. ಗ್ರಾಮಾಧಿಕಾರ ರದ್ದತಿ ಅಧಿನಿಯಮ 1963ರ ಫೆಬ್ರುವರಿ 1ರಂದು ಜಾರಿಗೆ ಬಂದು ಆ ವಂಶಪಾರಂಪರ್ಯ ಹೋಯಿತು. ಹೋದದ್ದು ನ್ಯಾಯವೇ. ಅದು ಹೋಗದಿದ್ದರೆ ನನ್ನಂಥ ಹೆಂಗಸು, ನನ್ನ ಜಾತಿಯವಳು, ಆ ವಹಿಗಳನ್ನು ಮುಟ್ಟುವ ಹಾಗೇ ಇರಲಿಲ್ಲ. ಆಮೇಲೆ ಕಲಿಸುವ ಹೊಣೆ ಮನೆಯಿಂದ ಕಚೇರಿಗೆ ಬಂತು. ಆದರೆ ಕಚೇರಿಯಲ್ಲೂ ಅದು ಎಲ್ಲರಿಗೂ ಸಮನಾಗಿ ಸಿಕ್ಕಲಿಲ್ಲ. ನಮ್ಮ ಶಿರಸ್ತೇದಾರರಂಥವರು ಮೇಜಿನ ಬಳಿ ಎಲ್ಲರಿಗೂ ಹೇಳಿಕೊಡುತ್ತಿದ್ದರು. ಇನ್ನೆಷ್ಟೋ ಕಡೆ ಅಸಲಿ ಪಾಠ ನಡೆಯುತ್ತಿದ್ದುದು ಸಂಜೆ ಆರರ ಮೇಲೆ, ಕಚೇರಿ ಎದುರಿನ ಹೋಟೆಲಿನಲ್ಲಿ, ಇಲ್ಲವೇ ಮೊಕ್ಕಾಂ ಹೋದಾಗ ಪ್ರವಾಸಿ ಮಂದಿರದಲ್ಲಿ. ಅಲ್ಲಿಗೆ ಹೆಣ್ಣುಮಕ್ಕಳು ಹೋಗುವ ಹಾಗಿರಲಿಲ್ಲ. ಸಾಹೇಬರ ಜಾತಿಯ, ಸಾಹೇಬರ ಜಿಲ್ಲೆಯ ಹುಡುಗರಿಗೆ ಕರೆದು ಹೇಳಿಕೊಡುತ್ತಿದ್ದರು, ಉಳಿದವರು ಕದ್ದು ನೋಡಿ ಕಲಿಯಬೇಕಾಗಿತ್ತು. ಅಂಥ ಮಾರ್ಗದರ್ಶನ ಮತ್ತೆ ಬರುವುದು ಬೇಡ.

ಅನುಕಂಪದ ಆಧಾರದ ಮೇಲೆ ಬಂದವರ ಸ್ಥಿತಿಯನ್ನಂತೂ ಕೇಳುವುದೇ ಬೇಡ. ನಾನು ಕೆಲಸ ಮಾಡಿದ ಕಚೇರಿಯೊಂದಕ್ಕೆ ಗಂಡನನ್ನು ಕಳೆದುಕೊಂಡ ಹುಡುಗಿಯೊಬ್ಬಳು ಅದೇ ಇಲಾಖೆಯ ನೌಕರನ ಹೆಂಡತಿಯೆಂದು ನೇಮಕವಾಗಿ ಬಂದಳು. ಪಿಯುಸಿ ಓದಿದ್ದಳು. ‘ಇವಳಿಗೇನು ಬರುತ್ತದೆ’ ಎಂದು ಟಪಾಲು ಶಾಖೆಗೆ ಹಾಕಿದರು. ಬೆಳಗಿನಿಂದ ಸಂಜೆಯವರೆಗೆ ಲಕೋಟೆ ಒಡೆದು ಮೊಹರು ಹಾಕುವುದೇ ಕೆಲಸ. ಅವಳನ್ನು ಅಲ್ಲಿಂದ ಎಬ್ಬಿಸಿ ತಮ್ಮ ಪಕ್ಕ ಕೂರಿಸಿಕೊಂಡವರು ಪ್ರಥಮ ದರ್ಜೆ ಸಹಾಯಕರೊಬ್ಬರು. ನಿವೃತ್ತಿ ಹತ್ತಿರವಾಗಿದ್ದವರು. ಬಂದ ಕಾಗದವನ್ನೆಲ್ಲ ಅವಳಿಂದ ಓದಿಸಿ, ‘ಇದರಲ್ಲಿ ಅವರು ಏನು ಕೇಳುತ್ತಿದ್ದಾರೆ, ಒಂದು ಸಾಲಿನಲ್ಲಿ ಹೇಳು’ ಎನ್ನುತ್ತಿದ್ದರು. ಒಂದು ಸಾಲಿನಲ್ಲಿ ಹೇಳಲು ಬಂದ ಮೇಲೆ ಅದನ್ನೇ ಬರೆಯಿಸಿದರು. ಟಿಪ್ಪಣಿ ಎಂದರೆ ಅಷ್ಟೇ ತಾನೇ? ಅವಳು ಈಗ ಒಂದು ಶಾಖೆಯನ್ನೇ ನಡೆಸುತ್ತಿದ್ದಾಳೆ. ಆ ಹಿರಿಯರು ಹೀಗೆ ಮಾಡಿದ್ದು ತಹಶೀಲ್ದಾರರಿಗೆ ತಿಳಿದೇ ಇರಲಿಲ್ಲ. ತಿಳಿದಿದ್ದರೆ ಒಂದು ಒಳ್ಳೆಯ ಮಾತನ್ನಾದರೂ ಆಡುತ್ತಿದ್ದರೇನೋ.

ಈಗ ನನ್ನ ದೂರಿನ ಮುಖ್ಯ ಭಾಗಕ್ಕೆ ಬರುತ್ತೇನೆ. ನೀವು ಹೇಳಿಕೊಡದಿದ್ದರೆ ಹೊಸಬರು ಕಲಿಯದೆ ಉಳಿಯುತ್ತಾರೆ ಎಂದು ನೀವು ಎಣಿಸಿದ್ದರೆ ಅದು ತಪ್ಪು. ಅವರು ಕಲಿತೇ ಕಲಿಯುತ್ತಾರೆ, ಬೇರೆಯವರಿಂದ. ಕಚೇರಿಯ ಗೇಟಿನ ಬಳಿ ಅರ್ಜಿ ಬರೆಯುವವರಿದ್ದಾರೆ. ಅವರಲ್ಲಿ ಕೆಲವರಿಗೆ ಯಾವ ಸರ್ವೆ ನಂಬರಿನ ಹಳೆಯ ಕಡತ ಯಾವ ಕಟ್ಟಿನಲ್ಲಿದೆ ಎಂಬುದು ನಿಮ್ಮ ದಾಖಲೆ ಕೊಠಡಿಯವರಿಗಿಂತ ಚೆನ್ನಾಗಿ ಗೊತ್ತು. ಬಾರದ ಕೆಲಸ ಎದುರಾದಾಗ, ಮೇಲಿನವರನ್ನು ಕೇಳಿದರೆ ಬೈಗುಳ ಸಿಗುತ್ತದೆ ಎಂಬ ಭಯವಿರುವ ಹುಡುಗ ಅವರನ್ನು ಕೇಳುತ್ತಾನೆ. ಅವರು ಪ್ರೀತಿಯಿಂದಲೇ ಹೇಳಿಕೊಡುತ್ತಾರೆ. ಕ್ರಮೇಣ ಕರಡನ್ನೂ ಅವರೇ ಬರೆದುಕೊಡುತ್ತಾರೆ. ಆರು ತಿಂಗಳಲ್ಲಿ ಅವನಿಗೆ ಅವರ ಋಣ ಬೀಳುತ್ತದೆ. ಆ ಋಣ ತೀರಿಸುವ ದಾರಿ ಯಾವುದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೊಂದು ದಿನ ಲೋಕಾಯುಕ್ತದವರು ಬಂದು ಅವನ ಕೈಯನ್ನು ದ್ರಾವಣದಲ್ಲಿ ತೊಳೆಸಿದಾಗ, ‘ಈಗಿನ ಹುಡುಗರಿಗೆ ದುಡ್ಡಿನ ಆಸೆ ಜಾಸ್ತಿ’ ಎಂದು ನೀವು ಪತ್ರಿಕೆ ಮಡಿಸಿಡುತ್ತೀರಿ.

ಸಕಾಲದ ವಿಷಯದಲ್ಲೂ ಇದೇ ಆಯಿತು. ನಾಗರಿಕರಿಗೆ ಸೇವೆಗಳ ಖಾತರಿ ಅಧಿನಿಯಮ 2011ರಲ್ಲಿ ಬಂದು, 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಯಾದಾಗ ನಮ್ಮಲ್ಲಿ ಅನೇಕರಿಗೆ ಅದು ಒಳ್ಳೆಯದೆಂದೇ ಅನ್ನಿಸಿತ್ತು. ತಡವಾದರೆ ದಿನಕ್ಕೆ ಇಪ್ಪತ್ತು ರೂಪಾಯಿ ಪರಿಹಾರ ಎಂಬುದು ಮೊತ್ತದಲ್ಲಿ ಸಣ್ಣದಾದರೂ ಮಾನದ ಪ್ರಶ್ನೆಯಾಗಿತ್ತು. ಆದರೆ ಗಡುವಿನ ಹಿಂದಿನ ಸಂಜೆ, ಪರಿಶೀಲಿಸಲಾಗದೆ ಉಳಿದ ಅರ್ಜಿಗಳನ್ನು ‘ದಾಖಲೆಗಳು ಅಪೂರ್ಣ’ ಎಂದು ತಿರಸ್ಕರಿಸಿದರೆ ಬಾಕಿ ಸೊನ್ನೆಯಾಗುತ್ತದೆ ಎಂಬ ಉಪಾಯವನ್ನು ಹೊಸಬರು ಸ್ವಂತ ಬುದ್ಧಿಯಿಂದ ಕಂಡುಹಿಡಿಯಲಿಲ್ಲ. ಅದನ್ನು ಅವರಿಗೆ ಹೇಳಿಕೊಟ್ಟವರು ನಾವು ಹಿರಿಯರೇ. ಅಂದರೆ ಹೇಳಿಕೊಡಲು ನಮಗೆ ಸಮಯವಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ.

ಆದರೂ ಸಮಯದ ಮಾತನ್ನು ತಳ್ಳಿಹಾಕುವಂತಿಲ್ಲ. ತಹಶೀಲ್ದಾರರು ತಾಲ್ಲೂಕಿನ ದಂಡಾಧಿಕಾರಿಯೂ ಹೌದು. ಚುನಾವಣೆ ಬಂದರೆ ಮತದಾರರ ಪಟ್ಟಿ, ಮಳೆ ಬಂದರೆ ಬಿದ್ದ ಮನೆಗಳ ಲೆಕ್ಕ, ಬಾರದಿದ್ದರೆ ಬರದ ಲೆಕ್ಕ, ಜಾತ್ರೆ ಬಂದರೆ ಮುಜರಾಯಿ, ಮಂತ್ರಿ ಬಂದರೆ ಶಿಷ್ಟಾಚಾರ. ರಾಜ್ಯ ಸರ್ಕಾರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆಗಳು ಖಾಲಿಯಿವೆ, ಅವುಗಳ ಭಾರ ಇದ್ದವರ ಮೇಲೆ ಬಿದ್ದಿದೆ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದಾಗ ಅವರ ಮುಖ್ಯ ದೂರು ಏನಿತ್ತು? ಒಂದರ ಮೇಲೊಂದು ಬರುತ್ತಿದ್ದ ಆ್ಯಪ್‌ಗಳು. ಬೆಳೆ ಸಮೀಕ್ಷೆಗೊಂದು, ಬಗರ್ ಹುಕುಂಗೊಂದು, ಸರ್ಕಾರಿ ಜಮೀನಿನ ಗಸ್ತಿಗೊಂದು. ಇದೆಲ್ಲ ನಿಜ. ಹಾಗಿದ್ದರೂ, ಭೂಕಂದಾಯ ಅಧಿನಿಯಮದ 136(2)ರ ಅಡಿ ಉಪ ವಿಭಾಗಾಧಿಕಾರಿಗಳ ಮುಂದೆ ಹೋಗುವ ಮೇಲ್ಮನವಿಗಳನ್ನು ಒಮ್ಮೆ ತೆರೆದು ನೋಡಿ. ನೋಟಿಸ್ ಸರಿಯಾಗಿ ಜಾರಿಯಾಗಲಿಲ್ಲ, ವಾರಸುದಾರರನ್ನು ಬಿಟ್ಟಿದ್ದಾರೆ, ತಕರಾರು ಅರ್ಜಿ ಇದ್ದರೂ ಸರ್ಟಿಫೈ ಮಾಡಿದ್ದಾರೆ ಎಂಬವು ಎಷ್ಟಿವೆ ಎಂದು ನೋಡಿ. ಮೊದಲೇ ಹತ್ತು ನಿಮಿಷ ಕೊಟ್ಟಿದ್ದರೆ ಹುಟ್ಟುತ್ತಲೇ ಇರಲಿಲ್ಲ ಎನ್ನುವಂಥ ಕಡತಗಳು ಅವು. ಬದುವಿನಲ್ಲಿ ಒಂದು ಸಲಿಕೆ ಮಣ್ಣು ಹಾಕಲು ಬಿಡುವಿಲ್ಲದವನು ಗದ್ದೆ ಕೊಚ್ಚಿಹೋದ ಮೇಲೆ ಜೆಸಿಬಿ ತರಿಸುತ್ತಾನೆ.

ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲವೆಂದೂ ಅಲ್ಲ. 1977ರ ಪರೀಕ್ಷಾರ್ಥ ಅವಧಿಯ ನಿಯಮಗಳ ಪ್ರಕಾರ ಹೊಸದಾಗಿ ಸೇರಿದವರು ಕನಿಷ್ಠ ಎರಡು ವರ್ಷ ಪರೀಕ್ಷಾರ್ಥಿಗಳು. ಆ ಎರಡು ವರ್ಷ ಅವರನ್ನು ಗಮನಿಸಿ, ಕೆಲಸಕ್ಕೆ ತಕ್ಕವರೇ ಎಂದು ತೀರ್ಮಾನಿಸುವುದು ನೇಮಕಾತಿ ಪ್ರಾಧಿಕಾರದ ಹೊಣೆ. ನಡೆಯುವುದೇನು? ಎರಡು ವರ್ಷ ತಿರುಗಿಯೂ ನೋಡದೆ, ಕೊನೆಯಲ್ಲಿ ಒಂದು ವರದಿ ತರಿಸಿ, ‘ತೃಪ್ತಿಕರವಾಗಿ ಪೂರೈಸಿದ್ದಾರೆ’ ಎಂದು ಘೋಷಿಸುತ್ತಾರೆ. ಆ ಘೋಷಣೆಗಾಗಿಯೂ ಕೆಲವರು ನಾಲ್ಕು ವರ್ಷ ಕಾಯುತ್ತಾರೆ ಎಂಬುದು ಬೇರೆ ಕಥೆ.

ಇನ್ನು ನನ್ನ ಬೇಡಿಕೆಗಳು. ಮೊದಲನೆಯದಾಗಿ, ದಯವಿಟ್ಟು ಇದಕ್ಕೊಂದು ಯೋಜನೆ ಮಾಡಬೇಡಿ. ಹೆಸರಿಡಬೇಡಿ, ಲಾಂಛನ ಬೇಡ, ಆ್ಯಪ್ ಅಂತೂ ಬೇಡವೇ ಬೇಡ. ಬೆಂಗಳೂರಿನ ಕಂಪನಿಯಲ್ಲಿರುವ ನನ್ನ ಸೊಸೆಗೆ ಕಚೇರಿಯಿಂದ ಒಬ್ಬ ಮಾರ್ಗದರ್ಶಕರನ್ನು ಗೊತ್ತುಮಾಡಿದ್ದಾರಂತೆ. ಮೂರು ತಿಂಗಳಿಗೊಮ್ಮೆ ಇಬ್ಬರೂ ಒಂದು ನಮೂನೆ ತುಂಬುತ್ತಾರೆ, ಮಾತನಾಡುವುದು ನಮೂನೆ ತುಂಬುವ ದಿನ ಮಾತ್ರ. ನಮ್ಮಲ್ಲಿ ಈಗಿರುವ ನಮೂನೆಗಳೇ ಸಾಕಷ್ಟಿವೆ. ನಾನು ಕೇಳುವುದು, ವಾರದಲ್ಲಿ ಎರಡು ದಿನ, ಕಚೇರಿಯ ವೇಳೆಯಲ್ಲೇ, ಅರ್ಧ ಗಂಟೆ ನಿಮ್ಮ ಕೋಣೆಯ ಬಾಗಿಲು ಹೊಸಬರಿಗೆ ತೆರೆದಿರಲಿ ಎಂದಷ್ಟೇ. ಆ ಅರ್ಧ ಗಂಟೆಯಲ್ಲಿ ಬಾಕಿಯ ಪಟ್ಟಿ ತೆಗೆಯಬಾರದು. ಅವರು ತಂದ ಒಂದೋ ಎರಡೋ ಕಡತ ನೋಡಬೇಕು. ನೀವು ಮೊಕ್ಕಾಂನಲ್ಲಿದ್ದರೆ ಶಿರಸ್ತೇದಾರರು ಕುಳಿತುಕೊಳ್ಳಲಿ. ಕಚೇರಿಯ ವೇಳೆ ಎಂದು ಒತ್ತಿ ಹೇಳುತ್ತಿರುವುದು, ಹೆಣ್ಣುಮಕ್ಕಳೂ ದೂರದ ಬಸ್ಸು ಹಿಡಿಯಬೇಕಾದವರೂ ಅದರಿಂದ ಹೊರಗುಳಿಯದಿರಲಿ ಎಂಬ ಕಾರಣಕ್ಕೆ.

ಸ್ಥಳ ತನಿಖೆಗೆ ಹೋಗುವಾಗ ಜೀಪಿನಲ್ಲಿ ಒಂದು ಜಾಗವನ್ನು ಹೊಸಬರಿಗೆ ಬಿಡಿ, ಪ್ರತಿ ಸಲ ಬೇರೆ ಬೇರೆಯವರಿಗೆ. ಗೋಮಾಳದ ಗಡಿ ಎಲ್ಲಿಗೆ ಬರುತ್ತದೆ, ನೂರು ರಾಸುಗಳಿಗೆ ಮೂವತ್ತು ಎಕರೆ ಎಂಬ ನಿಯಮ ಆ ಬಯಲಿನಲ್ಲಿ ಹೇಗೆ ಕಾಣುತ್ತದೆ, ಎರಡು ಗುಂಪು ಕೋಲು ಹಿಡಿದು ನಿಂತಿರುವಾಗ ಯಾರನ್ನು ಮೊದಲು ಮಾತನಾಡಿಸಬೇಕು ಎಂಬುದನ್ನು ಅವರು ನೋಡಬೇಕು. ಒತ್ತುವರಿ ತೆರವಿಗೆ ಜೆಸಿಬಿಯ ಜೊತೆ ಹುಡುಗನೊಬ್ಬನನ್ನೇ ಕಳುಹಿಸಿ ನೀವು ಫೋನಿನಲ್ಲಿ ಸೂಚನೆ ಕೊಡುವುದು ಆಡಳಿತವಲ್ಲ.

ಕಡತ ಹಿಂದಿರುಗಿಸುವಾಗ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ‘ಚರ್ಚಿಸಿ’ ಎಂದು ಬರೆದರೆ ಪಕ್ಕದಲ್ಲಿ ದಿನ, ಹೊತ್ತು ಹಾಕಿ, ಆ ಹೊತ್ತಿಗೆ ಸಿಗಿ. ಮೊದಲ ಮೂರು ತಿಂಗಳು ಯಾರಿಗೂ ಸ್ವತಂತ್ರ ಪ್ರಭಾರ, ಅದರಲ್ಲೂ ಎರಡೆರಡು ವೃತ್ತಗಳ ಪ್ರಭಾರ ಕೊಡಬೇಡಿ. ಅನುಭವಿಗಳ ಜೊತೆ ಓಡಾಡಲು ಬಿಡಿ. 2024ರಲ್ಲಿ ಪರೀಕ್ಷಾ ಪ್ರಾಧಿಕಾರ ಪರೀಕ್ಷೆ ನಡೆಸಿದ್ದು ಸಾವಿರ ಗ್ರಾಮ ಆಡಳಿತ ಅಧಿಕಾರಿಗಳ ಹುದ್ದೆಗೆ. ಇಂಥ ತಂಡಗಳು ಒಟ್ಟಿಗೆ ಬರುವಾಗ ಇದು ಕಷ್ಟ ಎಂದು ಬಲ್ಲೆ. ಆದರೆ ಇಂಥ ತಂಡಗಳು ಬರುವಾಗಲೇ ಇದು ಬೇಕಾಗಿರುವುದು.

ನೋಟಿಸಿನ ಬಗ್ಗೆ ನನ್ನ ಬೇಡಿಕೆ ಸ್ವಲ್ಪ ಕಟುವಾಗಿದೆ, ಕ್ಷಮಿಸಿ. ಪರೀಕ್ಷಾರ್ಥ ಅವಧಿಯಲ್ಲಿರುವವರಿಗೆ ಕಾರಣ ಕೇಳಿ ನೋಟಿಸ್ ಕೊಡುವ ಮೊದಲು, ಆ ಕೆಲಸವನ್ನು ಅವರಿಗೆ ಯಾರು ಹೇಳಿಕೊಟ್ಟಿದ್ದರು ಎಂಬುದನ್ನು ಕಡತದಲ್ಲಿ ಬರೆದುಕೊಳ್ಳಿ. ಯಾರೂ ಹೇಳಿಕೊಟ್ಟಿಲ್ಲ ಎಂದಾದರೆ ನೋಟಿಸ್ ಬದಲು ಕರೆಸಿ ಹೇಳಿಕೊಡಿ. ಹೇಳಿಕೊಟ್ಟ ಮೇಲೂ ಅದೇ ತಪ್ಪು ಮಾಡಿದರೆ, ಇಲ್ಲವೇ ದುಡ್ಡು ಮುಟ್ಟಿದ್ದರೆ, ಯಾವ ದಾಕ್ಷಿಣ್ಯವೂ ಬೇಡ.

ಪ್ರಧಾನ ಕಾರ್ಯದರ್ಶಿಗಳಲ್ಲಿ ಎರಡು ವಿನಂತಿ. ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕುಗಳ ಹಳೆಯ ದಾಖಲೆಗಳು ಸ್ಕ್ಯಾನ್ ಆಗುತ್ತಿರುವುದು ದೊಡ್ಡ ಕೆಲಸ, ಅದಕ್ಕಾಗಿ ಇಲಾಖೆಯನ್ನು ಮನಸಾರೆ ಅಭಿನಂದಿಸುತ್ತೇನೆ. ಆ ದಾಖಲೆಗಳನ್ನು ಓದಬಲ್ಲವರು ಮಾತ್ರ ಪ್ರತಿ ತಿಂಗಳ ಕೊನೆಯ ದಿನ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಿದ್ದಾರೆ. ಬೆಳಗಾವಿ, ಧಾರವಾಡದ ಕಡೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದ ಓದುವವರು ಈಗಾಗಲೇ ದುರ್ಲಭ. ನಿವೃತ್ತಿಯ ಕೊನೆಯ ಒಂದು ತಿಂಗಳು ಅವರಿಂದ ಪ್ರಭಾರ ತೆಗೆದು, ಮುಂದೆ ಆ ಜಾಗಕ್ಕೆ ಬರುವವರನ್ನು ಪಕ್ಕದಲ್ಲಿ ಕೂರಿಸಿ. ಈಗ ಪ್ರಭಾರ ಪಟ್ಟಿಗೆ ಕೊನೆಯ ಸಂಜೆ ನಿಂತುಕೊಂಡೇ ಸಹಿ ಹಾಕುತ್ತಾರೆ. ಇನ್ನೊಂದು, ಸಾರ್ವತ್ರಿಕ ವರ್ಗಾವಣೆಯಲ್ಲಿ ಒಂದೇ ಶಾಖೆಯ ಅನುಭವಿಗಳೆಲ್ಲರನ್ನೂ ಒಂದೇ ಪಟ್ಟಿಯಲ್ಲಿ ಎತ್ತಬೇಡಿ. ಹೇಳಿಕೊಡುವವರು ಒಬ್ಬರಾದರೂ ಉಳಿದಿರಲಿ.

ನಮ್ಮಂಥ ನಿವೃತ್ತರ ವಿಷಯ ಕೊನೆಗೆ ಹೇಳುತ್ತೇನೆ. ನಮ್ಮಲ್ಲಿ ಕೆಲವರು ವಾರಕ್ಕೊಂದು ದಿನ ಹತ್ತಿರದ ತಾಲ್ಲೂಕು ಕಚೇರಿಗೆ ಬಂದು ಹೊಸಬರ ಜೊತೆ ಕೂರಲು ಸಿದ್ಧರಿದ್ದೇವೆ. ಗೌರವಧನ ಬೇಡ. ನಿವೃತ್ತರು ಕಚೇರಿಯಲ್ಲಿ ಕಾಣಿಸಿಕೊಂಡರೆ ದಲ್ಲಾಳಿಕೆಗೆ ಬಂದರು ಎಂದು ನೀವು ಅನುಮಾನಿಸುವುದು ಸಹಜ. ಅಂಥವರನ್ನು ನಾನೂ ಕಂಡಿದ್ದೇನೆ. ಆದ್ದರಿಂದ ಷರತ್ತನ್ನು ನಾವೇ ಹಾಕಿಕೊಳ್ಳುತ್ತೇವೆ. ಚಾಲ್ತಿ ಕಡತ ಮುಟ್ಟುವುದಿಲ್ಲ, ಯಾರ ಲಾಗಿನ್ ಬಳಿಯೂ ಹೋಗುವುದಿಲ್ಲ, ಸಾರ್ವಜನಿಕರ ಅರ್ಜಿ ತರುವುದಿಲ್ಲ, ಮುಕ್ತಾಯವಾದ ಹಳೆಯ ಕಡತಗಳನ್ನು ಇಟ್ಟುಕೊಂಡೇ ಹೇಳಿಕೊಡುತ್ತೇವೆ. ಬೇಕಾದರೆ ನಿಮ್ಮ ಸಿಸಿಟಿವಿ ಕ್ಯಾಮೆರಾದ ಕೆಳಗೇ ಕುರ್ಚಿ ಹಾಕಿಸಿ. ಇದಕ್ಕೆ ಅನುಮತಿ ಕೊಡುವ ಅಧಿಕಾರ ತಹಶೀಲ್ದಾರರಿಗೆ ಇದೆಯೋ, ಜಿಲ್ಲಾಧಿಕಾರಿಗಳ ಆದೇಶ ಬೇಕೋ ಎಂಬುದನ್ನು ಇಲಾಖೆ ತಿಳಿಸಿದರೆ ಅದರಂತೆ ಅರ್ಜಿ ಸಲ್ಲಿಸುತ್ತೇವೆ.

ತಮ್ಮ ವಿಶ್ವಾಸಿ,
ನಿವೃತ್ತ ಶಿರಸ್ತೇದಾರಳು, ಕಂದಾಯ ಇಲಾಖೆ